ಉಂಡೆ ಕೊಬ್ಬರಿಯೂ ಇಂಗ್ಲಿಷ್ ಹೆಸರುಗಳೂ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿಯನ್ನು ಇಂಗ್ಲಿಷ್ ಕಡತಗಳಲ್ಲಿ ನಮೂದಿಸುವಾಗ, ಅರ್ಥದಲ್ಲಿ ಒಂದಕ್ಕೊಂದು ಹತ್ತಿರವಾದ ‘ಡ್ರೈ ಕೋಕನಟ್’ ಮತ್ತು ‘ಕೊಪ್ರಾ’ ಎಂಬ ಪದಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಯೊಂದಿಗೆ ಬೆಲೆ ಮತ್ತು ತೆರಿಗೆಗಳೂ ತಳುಕು ಹಾಕಿಕೊಂಡಿವೆ. ಮಲಯಾಳದ ‘ಕೊಪ್ಪರ’ದಿಂದ ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋದ ‘ಕೊಪ್ರಾ’ ಪದವು ಜಾಗತಿಕ ವ್ಯಾಪಾರದಲ್ಲಿ ಎಣ್ಣೆ ತೆಗೆಯಲು ಒಣಗಿಸಿದ ತಿರುಳಿಗೇ ರೂಢವಾಯಿತು.

ತಿಪಟೂರಿನ ಸರಕಾದರೋ ತಿನ್ನುವ ಕೊಬ್ಬರಿ. ಬಲಿತ ಕಾಯಿಗಳನ್ನು ಸಿಪ್ಪೆಸಮೇತ ಅಟ್ಟದಲ್ಲಿ ಹಲವು ತಿಂಗಳು ಇರಿಸಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಸದ್ದಾಗುವ ಹದಕ್ಕೆ ಬಂದ ಮೇಲೆ ಸುಲಿದು, ಚಿಪ್ಪನ್ನು ಜೋಪಾನವಾಗಿ ಒಡೆದು ಇಡಿಯ ಉಂಡೆಯನ್ನು ಹೊರತೆಗೆಯುತ್ತಾರೆ. ಅದು ಗಾಣಕ್ಕೆ ಹೋಗದೆ ಬಹುಪಾಲು ಉತ್ತರ ಭಾರತದ ಅಡುಗೆ, ಸಿಹಿತಿನಿಸು ಮತ್ತು ಪೂಜೆಗೆ ಸಲ್ಲುತ್ತದೆ.

ಕೇಂದ್ರ ಸರ್ಕಾರವು ಬೆಂಬಲ ಬೆಲೆಯಲ್ಲಿ ಎಣ್ಣೆಯ ‘ಮಿಲ್ಲಿಂಗ್ ಕೊಪ್ರಾ’ವನ್ನೂ ಉಂಡೆಯ ‘ಬಾಲ್ ಕೊಪ್ರಾ’ವನ್ನೂ ಬೇರ್ಪಡಿಸಿ, 2024ರ ಹಂಗಾಮಿಗೆ ಕ್ವಿಂಟಲ್‌ಗೆ ಕ್ರಮವಾಗಿ 11,160 ಮತ್ತು 12,000 ರೂಪಾಯಿ ನಿಗದಿಪಡಿಸಿದ್ದು ಉಚಿತವೇ ಆಗಿತ್ತು. ಆದರೆ 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಪಟ್ಟಿಯು ಹಸಿ ಅಥವಾ ಒಣಗಿದ ‘ಕೋಕನಟ್’ಗೆ ವಿನಾಯಿತಿ ನೀಡಿ, ‘ಕೊಪ್ರಾ’ವನ್ನು ಎಣ್ಣೆಬೀಜಗಳ ಅಧ್ಯಾಯದಲ್ಲಿರಿಸಿ ಶೇ 5ರಷ್ಟು ತೆರಿಗೆ ವಿಧಿಸಿತು. ತಿನ್ನುವ ಪದಾರ್ಥವನ್ನೇ ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯ್ದು ಮಾಗಿಸುವ ಬೆಳೆಗಾರರ ಸರಕಿಗೆ ಎಣ್ಣೆಬೀಜದ ಹೆಸರನ್ನು ಅಂಟಿಸುವುದು ನ್ಯಾಯವಲ್ಲ.