ಆಲ್ಪ್ಸ್ ಕಣಿವೆಗಳ ಗಳಗಂಡ ಮತ್ತು ಅಯೋಡಿನ್ ಉಪ್ಪು

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಸ್ವಿಟ್ಜರ್‌ಲೆಂಡಿನ ಬರ್ನ್, ವಾಲೇ, ಅಪೆನ್‌ಜೆಲ್ ಮೊದಲಾದ ಪ್ರಾಂತಗಳಲ್ಲಿ ಕತ್ತಿನ ಮುಂಭಾಗ ಊದಿಕೊಳ್ಳುವ ಗಳಗಂಡವು ಎಷ್ಟು ಸಾಮಾನ್ಯವಾಗಿತ್ತೆಂದರೆ, ಸೈನ್ಯಕ್ಕೆ ಸೇರಬಂದ ಅನೇಕ ಯುವಕರು ಅದೊಂದೇ ಕಾರಣಕ್ಕೆ ತಿರಸ್ಕೃತರಾಗುತ್ತಿದ್ದರು. ಅದೇ ಕಣಿವೆಗಳಲ್ಲಿ ಕೆಲವು ಮಕ್ಕಳು ಗಿಡ್ಡಾಗಿ, ಕಿವುಡರಾಗಿ, ಬುದ್ಧಿ ಬಲಿಯದೆ ಉಳಿಯುತ್ತಿದ್ದರು; ಈ ಸ್ಥಿತಿಗೆ ಕ್ರೆಟಿನಿಸಂ ಎಂದು ಹೆಸರು. ಹಿಮಯುಗದ ಹಿಮನದಿಗಳು ಮೇಲ್ಮಣ್ಣನ್ನು ಕೊರೆದೊಯ್ದದ್ದರಿಂದ ಅಲ್ಲಿನ ನೆಲದಲ್ಲಿ ಅಯೋಡಿನ್ ವಿರಳವಾಯಿತೆಂದು ಇಂದು ವಿವರಿಸಲಾಗುತ್ತದೆ, ಆದರೆ ಆ ಕಾಲದವರು ಹೆಚ್ಚಾಗಿ ಕುಡಿಯುವ ನೀರನ್ನೇ ದೂರುತ್ತಿದ್ದರು.

ಊದಿಕೊಳ್ಳುವ ಅಂಗವೆಂದರೆ ಥೈರಾಯ್ಡ್ ಗ್ರಂಥಿ. ಅದರ ಕೆಲಸವೇನೆಂಬುದು ತಿಳಿದದ್ದು ಬಹುಮಟ್ಟಿಗೆ ಶಸ್ತ್ರವೈದ್ಯರ ನೈಪುಣ್ಯದಿಂದಲೇ, ಅದೂ ಅವರು ಬಯಸದ ರೀತಿಯಲ್ಲಿ. ಬರ್ನ್ ನಗರದ ಥಿಯೊಡೋರ್ ಕೋಖರ್ ರಕ್ತಸ್ರಾವವನ್ನು ಹತೋಟಿಯಲ್ಲಿಟ್ಟು, ಚೂರೂ ಉಳಿಯದಂತೆ ಗ್ರಂಥಿಯನ್ನು ಬಿಡಿಸಿ ತೆಗೆಯಬಲ್ಲವರಾಗಿದ್ದರು. ಆದರೆ ಹೀಗೆ ಗುಣವಾದರೆಂದು ಮನೆಗೆ ಹೋದವರನ್ನು ಕೆಲವು ವರ್ಷಗಳ ಅನಂತರ ಕರೆಸಿ ನೋಡಿದಾಗ ಅವರಲ್ಲಿ ಬಹುಪಾಲು ಜನ ಮುಖ ಬಾತು, ಮಾತು ನಿಧಾನವಾಗಿ, ಮಂಕಾಗಿದ್ದುದು ಕಂಡುಬಂದಿತು. ಜಿನೀವಾದ ರೆವರ್ಡಿನ್ 1882ರಲ್ಲಿ ಇಂಥದ್ದನ್ನೇ ವರದಿ ಮಾಡಿದ್ದರು. ಮರುವರ್ಷ ಕೋಖರ್ ತಮ್ಮ ರೋಗಿಗಳ ದುರವಸ್ಥೆಯನ್ನು ಬರ್ಲಿನ್ನಿನ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಮುಚ್ಚಿಡದೆ ಮಂಡಿಸಿ, ಪೂರ್ಣ ಗ್ರಂಥಿಯನ್ನು ತೆಗೆಯುವ ಪದ್ಧತಿಯನ್ನು ಕೈಬಿಟ್ಟರು. 1909ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಆ ಗೌರವಕ್ಕೆ ಅವರ ಕೈಚಳಕದಷ್ಟೇ ಈ ಪ್ರಾಮಾಣಿಕತೆಯೂ ಅರ್ಹವಾಗಿತ್ತೆನ್ನಬೇಕು.

ಕತ್ತಿನಲ್ಲಿರುವ ಪುಟ್ಟ ಅಂಗವೊಂದನ್ನು ತೆಗೆದರೆ ಇಡೀ ದೇಹವೂ ಮನಸ್ಸೂ ಕುಗ್ಗುವುದಾದರೆ, ಅದು ರಕ್ತಕ್ಕೆ ಏನನ್ನೋ ಸೇರಿಸುತ್ತಿರಲೇಬೇಕು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚಿ ಇಂಥ ರೋಗಿಯೊಬ್ಬರನ್ನು ಚೇತರಿಸಿದರು. 1895ರಲ್ಲಿ ಜರ್ಮನಿಯ ಬೌಮನ್ ಆ ಗ್ರಂಥಿಯಲ್ಲಿ ಅಯೋಡಿನ್ ಇರುವುದನ್ನು ಕಂಡುಹಿಡಿದರು. 1914ರಲ್ಲಿ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು. ಹಾರ್ಮೋನು ಎಂದರೆ ನಾಳವಿಲ್ಲದ, ಅಂದರೆ ನಿರ್ನಾಳ ಗ್ರಂಥಿಯೊಂದು ನೇರವಾಗಿ ರಕ್ತಕ್ಕೆ ಸುರಿಸುವ ಮತ್ತು ದೂರದ ಅಂಗಗಳ ಕೆಲಸವನ್ನು ಏರಿಳಿಸುವ ರಾಸಾಯನಿಕ. ಥೈರಾಕ್ಸಿನ್ನಿನ ಪ್ರತಿ ಅಣುವಿಗೆ ನಾಲ್ಕು ಅಯೋಡಿನ್ ಪರಮಾಣುಗಳು ಬೇಕು; ಅವು ಸಿಗದೆ ಹಾರ್ಮೋನು ತಗ್ಗಿದಾಗ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಪ್ರಚೋದಿಸುವ ತನ್ನ ಹಾರ್ಮೋನನ್ನು ಹೆಚ್ಚಿಸುತ್ತದೆ, ಆ ಒತ್ತಾಯಕ್ಕೆ ಸಿಕ್ಕಿದ ಥೈರಾಯ್ಡ್ ಬೆಳೆಯುತ್ತ ಹೋಗುತ್ತದೆ. ಹಾಗಾಗಿ ಗಳಗಂಡವು ಕೊರತೆಯನ್ನು ತುಂಬಿಕೊಳ್ಳಲು ಗ್ರಂಥಿ ಪಡುವ ಪ್ರಯಾಸದ ಗುರುತು.

ವಿಚಿತ್ರವೆಂದರೆ, ಜಿನೀವಾದ ಕ್ವಾಂದೆ 1820ರಲ್ಲಿಯೇ ಗಳಗಂಡಕ್ಕೆ ಅಯೋಡಿನ್ ಕೊಟ್ಟಿದ್ದರು. ಆದರೆ ಪ್ರಮಾಣ ಅತಿಯಾದಲ್ಲಿ ಎದೆಬಡಿತ ಹೆಚ್ಚುವುದು, ದೇಹ ಸೊರಗುವುದು ಕಂಡು ವೈದ್ಯರು ಹೆದರಿದರು, ಅಯೋಡಿನ್ನಿನ ಹೆಸರು ಕೆಟ್ಟಿತು. ಸುಮಾರು ನೂರು ವರ್ಷಗಳ ಅನಂತರ, 1918ರಲ್ಲಿ, ವಾಲೇ ಪ್ರಾಂತದ ವೈದ್ಯ ಒಟ್ಟೊ ಬೇಯಾರ್ಡ್ ಅಡುಗೆ ಉಪ್ಪಿಗೆ ಅತ್ಯಲ್ಪ ಅಯೋಡಿನ್ ಬೆರೆಸಿ ಗ್ರೆಖೆನ್ ಎಂಬ ಬೆಟ್ಟದೂರಿನ ಕೆಲವು ಕುಟುಂಬಗಳಿಗೆ ಹಂಚಿ, ಅಷ್ಟೇ ಸಾಕೆಂದು ತೋರಿಸಿದರು. ಅಪೆನ್‌ಜೆಲ್ ಔಸರ್‌ರೋಡನ್ ಪ್ರಾಂತದಲ್ಲಿ ಶಸ್ತ್ರವೈದ್ಯ ಹಾನ್ಸ್ ಎಗ್ಗೆನ್‌ಬರ್ಗರ್ ಜನರ ಸಹಿ ಸಂಗ್ರಹಿಸಿ ಬೇಡಿಕೆಯೊಡ್ಡಿದ್ದರಿಂದ 1922ರಲ್ಲಿ ಅಲ್ಲಿ ಅಯೋಡಿನ್ ಉಪ್ಪಿನ ಮಾರಾಟ ಮೊದಲಾಯಿತು. ಉಪ್ಪಿನ ವ್ಯಾಪಾರ ಪ್ರಾಂತ ಸರ್ಕಾರಗಳ ಏಕಸ್ವಾಮ್ಯವಾಗಿದ್ದುದು ಇಂಥ ಕಡೆ ಅನುಕೂಲವಾಯಿತು, ಆದರೆ ಒಪ್ಪದ ಪ್ರಾಂತಗಳಲ್ಲಿ ಅದೇ ಅಡ್ಡಿಯೂ ಆಯಿತು. ಕೆಲವೆಡೆ ಈ ಉಪ್ಪು ಬರಲು 1950ರ ದಶಕವೇ ಆಗಬೇಕಾಯಿತು.

ಕ್ವಾಂದೆಯ ಕಾಲದ ಅಂಜಿಕೆ ಪ್ರಮಾಣದಲ್ಲಿಯೂ ಉಳಿದಿತ್ತು. ಮೊದಲು ಕಿಲೋ ಉಪ್ಪಿಗೆ 3.75 ಮಿಲಿಗ್ರಾಂ ಇದ್ದ ಅಯೋಡಿನ್ನನ್ನು 1962ರಲ್ಲಿ ಎರಡು ಪಟ್ಟು ಮಾಡಲಾಯಿತು, ಹಂತಹಂತವಾಗಿ ಏರಿಸುತ್ತ 25 ಮಿಲಿಗ್ರಾಂ ಮುಟ್ಟಿಸಿದ್ದು 2014ರಲ್ಲಿ.