ಧ್ಯಾನ ಕಚೇರಿಗೆ ಬಂದ ಕಥೆ



"ಅವನಿಗೆ ಇಪ್ಪತ್ತನಾಲ್ಕು ಗಂಟೆಯೂ ದುಡ್ಡಿನದೇ ಧ್ಯಾನ" ಎಂದು ನಾವು ಆಡಿಕೊಳ್ಳುವುದುಂಟು. ಮಗ ರಸ್ತೆ ದಾಟುವಾಗ ಮಾತ್ರ "ಮೈಯೆಲ್ಲ ಕಣ್ಣಾಗಿರಲಿ" ಎನ್ನುತ್ತೇವೆ. ಒಂದರಲ್ಲೇ ಮುಳುಗಿಹೋಗುವುದು ಒಂದು ಬಗೆ, ಬಂದದ್ದನ್ನೆಲ್ಲ ಎಚ್ಚರದಿಂದ ಗಮನಿಸುವುದು ಇನ್ನೊಂದು ಬಗೆ. ಬೌದ್ಧ ಸಾಧನೆಯಲ್ಲಿ ಇವೆರಡರಲ್ಲಿ ಯಾವುದು ಮುಖ್ಯ ಎಂಬ ಚರ್ಚೆ ಬಹಳ ಹಳೆಯದು. ಸಂಸಾರಸ್ಥರಾದ ನಮ್ಮ ನಿಮ್ಮಂಥವರಿಗೆ ಧ್ಯಾನದ ಬಾಗಿಲು ತೆರೆದದ್ದಕ್ಕೂ ಆ ಚರ್ಚೆಗೂ ಹತ್ತಿರದ ನಂಟಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಮೊದಲು ಬುದ್ಧನ ಕಥೆಗೇ ಹೋಗೋಣ. ಪಾಲಿ ಗ್ರಂಥಗಳು ಹೇಳುವಂತೆ, ಮನೆ ಬಿಟ್ಟ ಸಿದ್ಧಾರ್ಥ ಆಳಾರ ಕಾಲಾಮ, ಉದ್ದಕ ರಾಮಪುತ್ತ ಎಂಬ ಗುರುಗಳ ಬಳಿ ಆಳವಾದ ಸಮಾಧಿಯನ್ನು ಕಲಿತ. ಬೇಗನೆ ಸಾಧಿಸಿದ. ಆದರೆ ದುಃಖದ ಬೇರು ಇದರಿಂದ ಕೀಳುವುದಿಲ್ಲ ಎಂದುಕೊಂಡು ಹೊರಟ. ಹಾಗೆಂದು ಸಮಾಧಿಯನ್ನೇ ತೊರೆಯಲಿಲ್ಲ. ದೇಹ ದಂಡಿಸಿ ಸೋತಾಗ, ಬಾಲ್ಯದಲ್ಲಿ ಜಂಬೂವೃಕ್ಷದ ನೆರಳಲ್ಲಿ ತಾನಾಗಿ ಒದಗಿದ್ದ ಧ್ಯಾನ ನೆನಪಾಯಿತು. ಅದೇ ದಾರಿ ತೋರಿತು. ಮುಂದೆ ಅವನು ಬೋಧಿಸಿದ ಅಷ್ಟಾಂಗ ಮಾರ್ಗದಲ್ಲಿ ಏಳನೆಯದು ಎಚ್ಚರ, ಎಂಟನೆಯದು ಸಮಾಧಿ. ಎರಡಕ್ಕೂ ಜಾಗ ಇದೆ.

5ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಬುದ್ಧಘೋಷ ಬರೆದ 'ವಿಸುದ್ಧಿಮಗ್ಗ'ದಲ್ಲಿ ಧ್ಯಾನದ ಮೆಟ್ಟಿಲುಗಳನ್ನು ಹತ್ತದೆ, ಬರಿಯ ಅರಿವಿನ ಬಲದಿಂದಲೇ ಸಾಗುವವರ ಮಾತೂ ಬರುತ್ತದೆ. ಆದರೂ ಧ್ಯಾನವೆಂದರೆ ಕಾಡು ಸೇರಿದವರ ಕೆಲಸ ಎಂಬ ಭಾವನೆ ಬಹುಕಾಲ ಉಳಿಯಿತು.

ಅದು ಬದಲಾದದ್ದು ಬರ್ಮಾದಲ್ಲಿ. 1885ರಲ್ಲಿ ಬ್ರಿಟಿಷರು ಮಾಂಡಲೆಯನ್ನು ಹಿಡಿದರು. ದೊರೆ ಥಿಬಾವನ್ನು ಸೆರೆಯಾಳಾಗಿ ನಮ್ಮ ರತ್ನಾಗಿರಿಗೆ ತಂದಿಟ್ಟರು. 1916ರಲ್ಲಿ ಅವನು ಅಲ್ಲಿಯೇ ತೀರಿಕೊಂಡ. ಧರ್ಮವನ್ನು ಪೊರೆಯಲು ದೊರೆಯೇ ಇಲ್ಲವೆಂದ ಮೇಲೆ ಅದನ್ನು ಕಾಪಾಡುವವರು ಯಾರು? ಲೆಡಿ ಸಯಾಡೊ (1846-1923) ಎಂಬ ಭಿಕ್ಷು ಆ ಹೊಣೆಯನ್ನು ಜನಸಾಮಾನ್ಯರ ಕೈಗೇ ಕೊಟ್ಟರು. ಆಳದ ಸಮಾಧಿ ಸಿದ್ಧಿಸುವವರೆಗೆ ಕಾಯಬೇಕಿಲ್ಲ, ಸಾಕಷ್ಟು ಏಕಾಗ್ರತೆ ಇದ್ದರೆ ಗೃಹಸ್ಥರೂ ಅರಿವಿನ ಅಭ್ಯಾಸ ಶುರುಮಾಡಬಹುದು ಎಂದರು. ಸಯಾ ಥೆಟ್ಜಿ ಎಂಬ ರೈತನಿಗೆ, ನೀನೂ ಕಲಿಸು ಎಂದು ಹುರಿದುಂಬಿಸಿದರು.

ಆ ರೈತನ ಶಿಷ್ಯರೇ ಊ ಬಾ ಖಿನ್. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಅವರು ಅಲ್ಲಿಯ ಅಕೌಂಟೆಂಟ್ ಜನರಲ್! ಲೆಕ್ಕಪತ್ರಗಳ ನಡುವೆಯೇ, ಕಚೇರಿಯಲ್ಲಿ ಸಿಬ್ಬಂದಿಗೆ ಧ್ಯಾನ ಕಲಿಸಿದರು. ಅವರ ಬಳಿ ಕಲಿತ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. ಆಮೇಲೆ ಇಗತ್‌ಪುರಿಯ ಕೇಂದ್ರ ಎದ್ದಿತು. ಅಲ್ಲಿಯ ಹತ್ತು ದಿನದ ಕ್ರಮದಲ್ಲಿ ಮೊದಲು ಉಸಿರಿನ ಮೇಲೆ ಮನಸ್ಸು ನಿಲ್ಲಿಸುತ್ತಾರೆ. ನಾಲ್ಕನೆಯ ದಿನದಿಂದ ಮೈಯಲ್ಲಿ ಮೂಡುವ ಸಂವೇದನೆಗಳನ್ನು ಸುಮ್ಮನೆ ನೋಡುತ್ತಾರೆ. ಬರ್ಮಾದ ದೊರೆ ಕೈದಿಯಾಗಿ ಬಂದ ನೆಲಕ್ಕೇ ಬರ್ಮಾ ಜತನ ಮಾಡಿದ ವಿದ್ಯೆಯೂ ಬಂತು ನೋಡಿ.

ಬರ್ಮಾದ ಇನ್ನೊಬ್ಬ ಗುರು ಮಹಾಸಿ ಸಯಾಡೊ (1904-1982) ಹೊಟ್ಟೆಯ ಏರಿಳಿತವನ್ನು ಗಮನಿಸುತ್ತ ನೇರವಾಗಿ ಎಚ್ಚರದಿಂದಲೇ ಆರಂಭಿಸಲು ಹೇಳಿದರು. 1950ರ ದಶಕದಲ್ಲಿ ಶ್ರೀಲಂಕಾದ ಕೆಲವು ಭಿಕ್ಷುಗಳು ಇದನ್ನು ಒಪ್ಪಲಿಲ್ಲ. ಬುದ್ಧನೇ ಹೇಳಿದ ಸಮಾಧಿಯನ್ನು ಬದಿಗಿಡುವುದು ಸರಿಯೇ ಎಂಬುದು ಅವರ ಪ್ರಶ್ನೆ. ಅದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ನಿಲ್ಲದ ಮನಸ್ಸು ಏನನ್ನು ತಾನೇ ಸರಿಯಾಗಿ ನೋಡೀತು?

ಆದರೆ ಒಂದು ಮಾತು ಗಮನಿಸಿ. ಪೂರ್ತಿ ಸಮಾಧಿ ಮೊದಲೇ ಬೇಕು ಎಂದು ಎಲ್ಲರೂ ಪಟ್ಟು ಹಿಡಿದಿದ್ದರೆ ಆ ರೈತನೂ ಆ ಗುಮಾಸ್ತರೂ ಹೊಸಿಲಲ್ಲೇ ನಿಲ್ಲುತ್ತಿದ್ದರು. ಯಾವ ದಾರಿ ಹೆಚ್ಚು ಎನ್ನುವ ಈ ವಾದದ ಒಳಗೆ, ಧ್ಯಾನ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯೂ ಇತ್ತು. ಬರ್ಮಾದ ಈ ಗುರುಗಳು ಅದಕ್ಕೆ ಕೊಟ್ಟ ಉತ್ತರ: ಕೂತು ಅಭ್ಯಾಸ ಮಾಡುವ ಎಲ್ಲರಿಗೂ.