ಸೋಲೋ ಬಿಟ್ಟುಕೊಟ್ಟ ಅಣ್ಣ

ಇಯರ್‌ಫೋನ್ ಎರಡೂ ಕಿವಿಗೆ ಹಾಕ್ಕೊಂಡಿದೀರಾ? ಒಂದೇ ಆದ್ರೆ ಇವತ್ತಿನ ಕತೆ ಅರ್ಧನೇ ಕೇಳ್ಸೋದು.

ಎಸಿ/ಡಿಸಿ ಅಂದ ತಕ್ಷಣ ಕಣ್ಮುಂದೆ ಬರೋದು ಶಾಲಾ ಯೂನಿಫಾರ್ಮ್ ತೊಟ್ಟು ವೇದಿಕೆ ತುಂಬಾ ಕುಣಿಯೋ ಆಂಗಸ್ ಯಂಗ್. ಹಿಂದೆ ಡ್ರಮ್ ಪಕ್ಕ ನಿಂತು, ಕೋರಸ್ ಬಂದಾಗಷ್ಟೇ ಮೈಕ್ ಹತ್ರ ಬಂದು ವಾಪಸ್ ಹೋಗ್ತಿದ್ದವನು ಅವನ ಅಣ್ಣ ಮಾಲ್ಕಮ್. ಗ್ಲಾಸ್ಗೋದ ಈ ಕುಟುಂಬ 1963ರಲ್ಲಿ ಆಸ್ಟ್ರೇಲಿಯಾಕ್ಕೆ ವಲಸೆ ಬಂತು. 1973ರಲ್ಲಿ ಸಿಡ್ನಿಯಲ್ಲಿ ಬ್ಯಾಂಡ್ ಕಟ್ಟಿದ್ದು ಮಾಲ್ಕಮ್. ತಮ್ಮನನ್ನ ಸೇರಿಸಿಕೊಂಡಿದ್ದೂ ಅವನೇ.

ಶುರುವಿನಲ್ಲಿ ಮಾಲ್ಕಮ್ ಕೂಡ ಸೋಲೋ ನುಡಿಸ್ತಿದ್ದ. 1975ರ ಮೊದಲ ಆಲ್ಬಂನಲ್ಲೇ ಅದಿದೆ. ಆಮೇಲೆ ಅದನ್ನ ತಮ್ಮನಿಗೆ ಬಿಟ್ಟು ರಿದಮ್‌ಗೆ ನಿಂತ. ಸೋತು ಅಲ್ಲ, ಲೆಕ್ಕ ಹಾಕಿ. (ಬಿ.ಕಾಂ ಓದಿದವನಿಗೆ ಹೀಗೇ ಕಾಣೋದು, ಬಿಡಿ.)

ಲೆಕ್ಕ ವಾದ್ಯದಲ್ಲೇ ಇದೆ. ಮಾಲ್ಕಮ್‌ದು ಗ್ರೆಚ್ ಗಿಟಾರ್, ದಪ್ಪ ತಂತಿ. ಪಿಕಪ್ ಒಂದನ್ನ ಉಳಿಸಿ ಮಿಕ್ಕಿದ್ದು ಕಿತ್ತು ಹಾಕಿದ್ದ. ಆ್ಯಂಪ್‌ನಲ್ಲಿ ಗೇನ್ ಕಡಿಮೆ, ಹಾಗಾಗಿ ಕಾರ್ಡ್‌ನ ಒಂದೊಂದು ಸ್ವರಾನೂ ಬಿಡಿಬಿಡಿಯಾಗಿ ಕೇಳುತ್ತೆ. ಆಂಗಸ್‌ದು ಗಿಬ್ಸನ್ ಎಸ್‌ಜಿ, ತೆಳು ತಂತಿ. ಎಳೆದು ಬಗ್ಗಿಸೋಕೆ ಸುಲಭ. ಇಬ್ಬರ ಸದ್ದೂ ಒಂದೇ ಜಾಗಕ್ಕೆ ಕಿತ್ತಾಡಲ್ಲ.

1980ರ 'ಬ್ಯಾಕ್ ಇನ್ ಬ್ಲ್ಯಾಕ್' ಹಾಕಿ. ಗಾಯಕ ಬಾನ್ ಸ್ಕಾಟ್ ಫೆಬ್ರವರಿಯಲ್ಲಿ ತೀರಿಕೊಂಡಿದ್ದ, ಜುಲೈಯಲ್ಲಿ ಈ ಆಲ್ಬಂ ಬಂತು. ಶೀರ್ಷಿಕೆ ಹಾಡಿನ ಮುಖ್ಯ ರಿಫ್‌ನಲ್ಲಿ ಇ, ಡಿ, ಎ, ಮೂರೇ ಕಾರ್ಡು. ಹೊಡೆದು ತಟ್ಟನೆ ನಿಲ್ಲಿಸ್ತಾರೆ. ಆ ನಿಲ್ಲಿಸೋದೇ ಹಾಡು, ನನ್ನ ಪ್ರಕಾರ. ಸೋಲೋ ಬಂದಾಗ ಒಂದು ಕೆಲಸ ಮಾಡಿ: ಆಂಗಸ್‌ನ ಬಿಟ್ಟು, ಇನ್ನೊಂದು ಕಿವಿಯಲ್ಲಿರೋ ಗಿಟಾರನ್ನಷ್ಟೇ ಕೇಳಿ. ಅದು ಅಲುಗಾಡಲ್ಲ. ಕೆಳಗೆ ನೆಲ ಅಷ್ಟು ಗಟ್ಟಿ ಇರೋದ್ರಿಂದ ತಮ್ಮ ಉದ್ದುದ್ದ ನುಡಿಸಬೇಕಿಲ್ಲ. ಒಂದು ಮಾತು ಹೇಳ್ತಾನೆ, ಉಸಿರು ತಗೋತಾನೆ, ಮತ್ತೊಂದು ಹೇಳ್ತಾನೆ. ಬ್ಯಾಂಡಲ್ಲಿ ಲೀಡ್ ನುಡಿಸೋ ಗೆಳೆಯರೇ, ಇಬ್ಬರೂ ಒಟ್ಟಿಗೆ ಪೂರ್ತಿ ತುಂಬಿಬಿಟ್ರೆ ಕೇಳೋನಿಗೆ ಸಿಗೋದು ಬರೀ ಗದ್ದಲ.

ಆಮೇಲಿನದು ಕಷ್ಟದ ಕತೆ. 2008ರಲ್ಲಿ ಶುರುವಾದ 'ಬ್ಲ್ಯಾಕ್ ಐಸ್' ಪ್ರವಾಸದ ಹೊತ್ತಿಗೆ ಮಾಲ್ಕಮ್‌ಗೆ ಮರೆವು ಹತ್ತಿತ್ತು. ತಾನೇ ಕಟ್ಟಿದ ರಿಫ್‌ಗಳನ್ನ ಮತ್ತೆ ಕಲಿತು ವೇದಿಕೆ ಹತ್ತಬೇಕಾಯ್ತು. 2014ರಲ್ಲಿ ಡಿಮೆನ್ಷಿಯಾದಿಂದ ಬ್ಯಾಂಡ್ ಬಿಟ್ಟ. ಅಣ್ಣನ ಮಗ ಸ್ಟೀವಿ ಆ ಜಾಗಕ್ಕೆ ಬಂದ. 2017ರ ನವೆಂಬರ್ 18ರಂದು, 64ನೇ ವಯಸ್ಸಿಗೆ ಮಾಲ್ಕಮ್ ಹೋದ.

2020ರಲ್ಲಿ 'ಪವರ್ ಅಪ್' ಬಂತು. ಅಣ್ಣತಮ್ಮ ಹಿಂದೆ ಕೂಡಿಟ್ಟಿದ್ದ ರಿಫ್‌ಗಳಿಂದ ಆಂಗಸ್ ಕಟ್ಟಿದ ಆಲ್ಬಂ. ಹನ್ನೆರಡು ಹಾಡು. ಹನ್ನೆರಡಕ್ಕೂ ಇಬ್ಬರ ಹೆಸರೂ ಇದೆ.